ನನ್ನ ಅನುಭವ: ಮಾರುತಿ 800ರ ತುಕ್ಕಿಗೆ ಅಡಿಕೆ ಚೊಗರು

ಈ ಮಳೆಗಾಲವೂ ಕಳೆಯಿತು. ನನ್ನ 2004ರ ಮಾರುತಿ 800ರ ರನ್ನಿಂಗ್ ಬೋರ್ಡಿನಲ್ಲಿ, ಅಂದರೆ ಬಾಗಿಲ ಕೆಳಗಿನ ಟೊಳ್ಳು ತಗಡಿನಲ್ಲಿ, ಹೊಸ ತುಕ್ಕು ಕಂಡಿಲ್ಲ. ಅಲ್ಲಿಗೆ ನಾನು ಹಚ್ಚಿದ್ದು ಚೊಗರು, ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಂದು ರಸ. "ಚೊಗರು ಹಚ್ಚೋಕೆ ಅದೇನು ಅಡಿಕೇನಾ ಮಾರಾಯ?" ಎಂದು ನಕ್ಕಿದ್ದ ತೀರ್ಥಹಳ್ಳಿಯ ಗೆಳೆಯರೇ ಈಗ ಬಂದು, ಸ್ಕ್ರೂಡ್ರೈವರ್‌ನಲ್ಲಿ ಕುಟ್ಟಿ ನೋಡಿ, ಸುಮ್ಮನೆ ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಉಡುಪಿ ಕಡೆಯದು, ಕೆಎ-20. ಘಟ್ಟದ ಕೆಳಗಿನ ಗಾಡಿ ಎಂದರೆ ನಮ್ಮವರು ಮುಟ್ಟುವುದಿಲ್ಲ, ಉಪ್ಪುಗಾಳಿ ತಿಂದಿರುತ್ತದೆ ಅಂತ. ನಾನು ಅದನ್ನೇ ಹಿಡಿದು ಚೌಕಾಸಿ ಮಾಡಿದೆ. ಮಾರುವವರು 55 ಸಾವಿರ ಹೇಳಿದ್ದು, ಮುಗಿದದ್ದು 38ರ ಆಸುಪಾಸಿನಲ್ಲಿ. 796 ಸಿಸಿ ಎಂಜಿನ್ ಗಟ್ಟಿಯಾಗೇ ಇತ್ತು. ಅದರ ಬಿಡಿಭಾಗಕ್ಕೆ ಶಿವಮೊಗ್ಗಕ್ಕೆ ಹೋದರೆ ಸಾಕು. ಆದರೆ ಬಾಡಿ ಹೋಯಿತೆಂದರೆ ಗಾಡಿ ಗುಜರಿಗೇ. ಹಾಗಾಗಿ ಹಳೇ ಕಾರು ನೋಡಲು ಹೋದಾಗ ನಾನು ಬಾನೆಟ್ ಎತ್ತುವುದು ಕೊನೆಗೆ. ಮೊದಲು ಮ್ಯಾಟ್ ಎತ್ತುತ್ತೇನೆ.

ಶುರುವಿನಲ್ಲಿ ಎಲ್ಲರೂ ಹೇಳುವ ದಾರಿಯಲ್ಲೇ ಹೋದೆ. ಒಂದು ಗ್ಯಾರೇಜಿನಲ್ಲಿ ಗ್ಯಾಸ್ ವೆಲ್ಡಿಂಗ್ ಪ್ಯಾಚ್, ಮೇಲೆ ಪುಟ್ಟಿ, ಕಾರಿನ ತಳಕ್ಕೆ ರಬ್ಬರ್ ಕೋಟಿಂಗ್. ಹೆಚ್ಚುಕಡಿಮೆ 14 ಸಾವಿರ ಬಿತ್ತು. ನೋಡಲು ಶೋರೂಮ್ ಗಾಡಿ ಥರ ಇತ್ತು. ಮಳೆಗಾಲ ಮುಗಿದ ಮೇಲೆ ಕೋಟಿಂಗಿನಲ್ಲಿ ಒಂದು ಕಡೆ ಉಬ್ಬು ಕಂಡು ಚುಚ್ಚಿದೆ. ಒಳಗಿಂದ ಕೆಂಪು ನೀರು ಇಳಿಯಿತು. ತಗಡು ಪದರ ಪದರವಾಗಿ ಕೈಗೇ ಬಂತು. ವೆಲ್ಡಿಂಗ್ ಬಿಸಿಗೆ ಒಳಬದಿಯ ಪೇಂಟ್ ಸುಟ್ಟುಹೋಗಿತ್ತು, ಅಲ್ಲಿಂದಲೇ ತುಕ್ಕು ಶುರುವಾಗಿತ್ತು. ಹೊರಗಿನ ರಬ್ಬರ್ ಆ ನೀರನ್ನು ಹೊರಗೆ ಬಿಡದೆ ಕಾಪಾಡಿಕೊಂಡಿತ್ತು. ಆಗುಂಬೆ, ಹೊಸನಗರ ಕಡೆಯ ಮಳೆಗೆ ಈ ಕೋಟಿಂಗ್ ಆಗುವುದಿಲ್ಲ. ನನ್ನ ಅಭಿಪ್ರಾಯ ಇದು, ಯಾರು ಬೇಕಾದರೂ ವಾದ ಮಾಡಲಿ.

ಚೊಗರಿನ ಯೋಚನೆ ಬಂದಿದ್ದು ಮೆಟ್ಟುಗತ್ತಿಯಿಂದ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಕತ್ತಿಯ ಅಲಗು ಕಪ್ಪಾಗುತ್ತದಲ್ಲ, ಆ ಕಪ್ಪು ಕೂತ ಜಾಗಕ್ಕೆ ಬೇಗ ತುಕ್ಕು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ, ತುಕ್ಕನ್ನು ಗಟ್ಟಿ ಕಪ್ಪು ಪದರ ಮಾಡುವ ಎಷ್ಟೋ ರಸ್ಟ್ ಕನ್ವರ್ಟರ್‌ಗಳಲ್ಲೂ ಇರುವುದು ಟ್ಯಾನಿನ್ನೇ, ಅಂದರೆ ಅಡಿಕೆಯ ಒಗರಿನ ಅಂಶ. ನಮ್ಮ ಹಂಡೆಯಲ್ಲಿ ಅದು ಬೇಕಾದಷ್ಟಿದೆ.

ಕಾರಿಗೆ ಹಚ್ಚುವ ಮೊದಲು ಹಳೇ ಡೋರಿನ ತಗಡು ಕತ್ತರಿಸಿ, ಕೊಟ್ಟಿಗೆಯ ಹೊರಗೋಡೆಗೆ ಸಾಲಾಗಿ ಹೊಡೆದೆ. ಸೂರಿನ ನೀರು ಬೀಳುವ ಜಾಗ. ಉಪ್ಪಾಗೆ ಹಣ್ಣಿನ ಹುಳಿಯಲ್ಲಿ ತೊಳೆದ ತಗಡು ಬೆಳ್ಳಿ ಥರ ಹೊಳೆಯಿತು, ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪು. ಬರೀ ಚೊಗರು ಹಚ್ಚಿದ್ದು ಒಂದಷ್ಟು ವಾರ ತಡೆದು ಆಮೇಲೆ ತೊಳೆದುಹೋಯಿತು. ಚೊಗರಿನ ಮೇಲೆ ಎಣ್ಣೆ-ಮೇಣ ಬಳಿದದ್ದು ಮಾತ್ರ ಹಾಗೇ ನಿಂತಿತು. ಅರ್ಧ ಲೀಟರಿಗೆ 600-700 ರೂಪಾಯಿ ಕೊಟ್ಟು ತಂದ ಕನ್ವರ್ಟರ್‌ಗೂ ಅದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಕೆಲಸ ಮಾಡಿದ್ದು ಫೆಬ್ರವರಿ ಬಿಸಿಲಿನಲ್ಲಿ. ಪೂರ್ತಿ ಹೋದ ತಗಡನ್ನು ಕತ್ತರಿಸಿ, ಈ ಸಲ ಬಿಸಿ ಕಮ್ಮಿ ಹರಡುವ ಮಿಗ್ ವೆಲ್ಡಿಂಗ್ (ತಂತಿ ಹಾಕಿ ಕರೆಂಟಿನಲ್ಲಿ ಮಾಡುವುದು) ಮಾಡಿಸಿದೆ, ಸುಮಾರು 6 ಸಾವಿರ. ಚೊಗರು ತೂತು ಮುಚ್ಚುವುದಿಲ್ಲ. ಸಸ್ಪೆನ್ಷನ್ ಕೂರುವ ಜಾಗ, ಜಾಕ್ ಪಾಯಿಂಟ್ ಮೆತ್ತಗಾಗಿದ್ದರೆ ಅಲ್ಲಿ ಹೊಸ ತಗಡೇ ಬೇಕು. ಉಳಿದದ್ದಕ್ಕೆ ವೈರ್ ಬ್ರಷ್ ಹಾಕಿ ಸಡಿಲ ತುಕ್ಕು ಉದುರಿಸಿ, ಚೊಗರನ್ನು ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ ಹಚ್ಚಿದೆ. ಹಚ್ಚಿದ ತಕ್ಷಣ ಏನೂ ಕಾಣುವುದಿಲ್ಲ, ಬರೀ ಕಂದು. ಸಂಜೆಗೆ ಅಂಚಿನಲ್ಲಿ ನೇರಳೆ ಬಣ್ಣ ತಿರುಗುತ್ತದೆ. ಮಾರನೇ ದಿನ ಬೆರಳಿನಿಂದ ಉಜ್ಜಿದರೂ ಬಿಡದ ನೀಲಿಗಪ್ಪು. ಕೆಂಪು ಉಳಿದ ಕಡೆ ಮತ್ತೊಂದು ಕೈ. ಚೊಗರಿಗೆ ಒಂದು ಹುಳಿ ಸ್ವಲ್ಪ ಬೆರೆಸುತ್ತೇನೆ, ಕಪ್ಪು ಬೇಗ ತಿರುಗಲಿ ಅಂತ. ಯಾವ ಹುಳಿ ಎಂದು ಸದ್ಯಕ್ಕೆ ಹೇಳುವುದಿಲ್ಲ.

ರನ್ನಿಂಗ್ ಬೋರ್ಡಿನ ಒಳಗೆ ಬ್ರಷ್ ಹೋಗುವುದಿಲ್ಲ, ಅಲ್ವಾ? ಸಣ್ಣ ಕೈಪಂಪಿಗೆ ತೆಳ್ಳನೆ ಪೈಪ್ ಸಿಕ್ಕಿಸಿ ತೂತಿನಿಂದ ಹೊಡೆದೆ. ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆದ ಪಂಪು ಮಾತ್ರ ಬೇಡ. ತಳದಲ್ಲಿ ಉಳಿದ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕೂ ಮೊದಲು ನೀರು ಇಳಿಯುವ ತೂತುಗಳನ್ನು ಬಿಡಿಸಬೇಕು. ನನ್ನ ಗಾಡಿಯಲ್ಲಿ ಒಂದೊಂದರಲ್ಲೂ ಕೆಂಪುಮಣ್ಣು ಗಟ್ಟಿಯಾಗಿ ಕೂತಿತ್ತು. ಸೈಕಲ್ ಕಡ್ಡಿ ಹಾಕಿ ತಿವಿದರೆ ಮುಷ್ಟಿ ಮುಷ್ಟಿ ಮಣ್ಣು.

ಚೆನ್ನಾಗಿ ಒಣಗಿದ ಮೇಲೆ ಗೇರ್ ಆಯಿಲ್, ಗ್ರೀಸ್, ಜೇನುಮೇಣ ಮೂರನ್ನೂ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಒಳಗೆ ಹೊಡೆದೆ. ನೇರ ಬೆಂಕಿಗೆ ಇಡಬೇಡಿ. ಮೇಣದ ಅಳತೆ ನನ್ನ ಹತ್ತಿರವೇ ಇರಲಿ. ಜಾಸ್ತಿಯಾದರೆ ಚಳಿಗೆ ಬಿರಿಯುತ್ತದೆ, ಕಮ್ಮಿಯಾದರೆ ಬೇಸಿಗೆಗೆ ಇಳಿದುಹೋಗುತ್ತದೆ, ಅಷ್ಟು ಹೇಳಬಲ್ಲೆ. ಇದನ್ನು ಪ್ರತಿ ವರ್ಷ ಮೇ ಕೊನೆಯೊಳಗೆ ಒಂದು ಸಲ ಹೊಡೆಯುತ್ತೇನೆ. ವರ್ಷಕ್ಕೆ 300-400 ರೂಪಾಯಿ ಖರ್ಚು. ಚೊಗರು ಮನೆಯದೇ.

2022ರ ಏಪ್ರಿಲ್‌ನಲ್ಲಿ ಹಳೇ ಕಾರಿನ ರೀ-ರಿಜಿಸ್ಟ್ರೇಷನ್ ಶುಲ್ಕ 600ರಿಂದ 5000 ಆದಾಗ ಎಷ್ಟೋ ಜನ ಗಾಡಿ ಗುಜರಿಗೆ ಹಾಕಿದರು. ನನ್ನದು ಮೊನ್ನೆ ರಿನ್ಯೂವಲ್‌ಗೆ ಹೋದಾಗ ಅಡಿಗೆ ಬಗ್ಗಿ ನೋಡಿದವರು ಒಂದೂ ಪ್ರಶ್ನೆ ಕೇಳಲಿಲ್ಲ. ಡೋರ್‌ಗಳ ಕೆಳ ಅಂಚು ಮಾತ್ರ ಬಾಕಿ ಇದೆ, ಈ ಕೊಯ್ಲಿನ ಚೊಗರಿನಲ್ಲಿ ಅದನ್ನೂ ಮುಗಿಸುತ್ತೇನೆ. ನೀವೂ ಮಾಡುವುದಾದರೆ ಅಡಿಕೆ ಬೇಯಿಸುವವರಿಗೆ ಈಗಲೇ ಹೇಳಿಡಿ. ಕೊನೆ ಹಂಡೆಯ ದಪ್ಪ ಚೊಗರೇ ಬೇಕು.