ಮನೆವಾರ್ತೆಯ ಲೆಕ್ಕ

2019ರ ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ಲೆಕ್ಕಪತ್ರ ವಿಭಾಗದ ಕಿರಿಯ ಗುಮಾಸ್ತೆ ಎರಡು ವೋಚರುಗಳನ್ನು ತಂದು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು ನಮ್ಮ ಜವಾನರದು. ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಆಟೋದಲ್ಲಿ ಸಾಗಿಸಿದ್ದಕ್ಕೆ 340 ರೂಪಾಯಿ. ರಸೀದಿ ಇಲ್ಲವೆಂದು ಹಿಂದಿನ ದಿನ ನಾನೇ ಅದನ್ನು ವಾಪಸ್ ಕಳುಹಿಸಿದ್ದೆ. ಇನ್ನೊಂದು ಕುಲಪತಿಗಳ ಕಚೇರಿಯಿಂದ ಬಂದದ್ದು. 48,000 ರೂಪಾಯಿ. ವಿವರದ ಜಾಗದಲ್ಲಿ ‘ಸೇವಾ ವೆಚ್ಚ’ ಎಂದು ಬರೆದಿತ್ತು, ಬೇರೇನೂ ಇರಲಿಲ್ಲ.

"ಸರ್, ಎರಡಕ್ಕೂ ರಸೀದಿ ಇಲ್ಲ. ಒಂದನ್ನು ನೀವು ವಾಪಸ್ ಕಳುಹಿಸಿದ್ದೀರಿ. ಇನ್ನೊಂದನ್ನು ಏನು ಮಾಡಲಿ?" ಎಂದು ಅವರು ಕೇಳಿದರು.

ನಾನು ಎರಡಕ್ಕೂ ಸಹಿ ಹಾಕಿ ಕೊಟ್ಟೆ. ಜವಾನರ ಹಣ ಅವರಿಗೆ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಹುಡುಗಿ ಹೋಗುವಾಗ ನನ್ನ ಮುಖ ನೋಡಲಿಲ್ಲ. ಸಂಜೆ ಐದರ ಮೇಲೆ ಎಲ್ಲರೂ ಹೊರಟ ಬಳಿಕ ಹಿಂದಿನ ಮೂರು ವರ್ಷಗಳ ಕಡತಗಳನ್ನು ತೆಗೆದು ಕುಳಿತೆ. ‘ಸೇವಾ ವೆಚ್ಚ’ ಎಂಬ ಹೆಸರಿನ ನೂರಕ್ಕೂ ಹೆಚ್ಚು ವೋಚರುಗಳಿದ್ದವು. ಅರ್ಧಕ್ಕಿಂತ ಹೆಚ್ಚಿನವಕ್ಕೆ ಬಿಲ್ಲು ಇರಲಿಲ್ಲ. ಎಲ್ಲದರ ಮೇಲೂ ನನ್ನ ಸಹಿ ಇತ್ತು.

ಆ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ನಾನು ಹನ್ನೊಂದು ವರ್ಷ ಹಣಕಾಸು ಅಧಿಕಾರಿಯಾಗಿದ್ದೆ. ಅದರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಡೆದದ್ದು ಅನೇಕ ಕಡೆ ನಡೆಯುತ್ತಿರಬಹುದು ಎಂಬ ಕಾರಣಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕುಲಪತಿಗಳು ಕರಾವಳಿಯ ಪ್ರೊಟೆಸ್ಟೆಂಟ್ ಸಭೆಯ, ಅಂದರೆ ಚರ್ಚಿನ, ಒಬ್ಬ ಅಯ್ಯನವರು; ಪಾದ್ರಿಗಳನ್ನು ನಾವು ಹಾಗೆ ಕರೆಯುತ್ತೇವೆ. ಅವರು ಕಳ್ಳರಾಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶುಲ್ಕ ಕಟ್ಟಲಾಗದೆ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಕಿಸೆಯಿಂದಲೇ ಹಣ ಕೊಡುವವರು. ರಾತ್ರಿ ಕಾವಲುಗಾರನಿಗೆ ಪಾರ್ಶ್ವವಾಯು ಆದಾಗ ಆಸ್ಪತ್ರೆಯಲ್ಲಿ ಎರಡು ರಾತ್ರಿ ಕುಳಿತವರು. ಆದರೆ ಕಿಸೆಯಲ್ಲಿದ್ದ ಹಣ ಯಾವುದು ಸಂಬಳದ್ದು, ಯಾವುದು ಸಂಸ್ಥೆಯದು ಎಂಬ ಗೆರೆ ಯಾವಾಗಲೋ ಅಳಿಸಿಹೋಗಿತ್ತು. ಅದೇ ಕಿಸೆಯಿಂದ ಮಗಳ ಊರಿಗೆ ಹೋದ ವಿಮಾನದ ಟಿಕೆಟ್ಟೂ ಬಂದಿತ್ತು, ಬಂಧುಗಳ ಮದುವೆಯ ಉಡುಗೊರೆಯೂ ಬಂದಿತ್ತು. ಅವರನ್ನು ಅಲ್ಲಿಗೆ ತಂದದ್ದು ಸುತ್ತಲಿನ ನಾವು. ಯಾರೂ ಕೇಳದಿದ್ದುದರಿಂದ ಅವರಿಗೆ ಯಾವುದನ್ನೂ ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಆಡಳಿತ ಮಂಡಳಿಯಲ್ಲಿ ನನಗೆ ಆಪ್ತರಾಗಿದ್ದ ಹಿರಿಯರೊಬ್ಬರ ಬಳಿ ಮೊದಲು ಹೇಳಿಕೊಂಡೆ. ಅವರು ತಕ್ಷಣ, "ದೇವರ ಅಭಿಷಿಕ್ತರ ಮೇಲೆ ಕೈ ಎತ್ತಬೇಡ" ಎಂದರು. ನಮ್ಮ ಸಭೆಗಳಲ್ಲಿ ಬೆಳೆದ ಯಾರಿಗೂ ಈ ಮಾತು ಹೊಸದಲ್ಲ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ, ದೇವರ ಅಭಿಷೇಕ ಪಡೆದ ಅರಸ ಸೌಲನು ಗುಹೆಯಲ್ಲಿ ಕೈಗೆ ಸಿಕ್ಕಾಗಲೂ ದಾವೀದನು ಅವನನ್ನು ಕೊಲ್ಲಲಿಲ್ಲ ಎಂಬ ಬೈಬಲ್ಲಿನ ಕಥೆಯನ್ನು ಇದರ ಜೊತೆಗೆ ಹೇಳುತ್ತಾರೆ. ಆ ರಾತ್ರಿ ಮನೆಯಲ್ಲಿ ಆ ಅಧ್ಯಾಯವನ್ನು ಪೂರ್ತಿ ಓದಿದೆ. ದಾವೀದನು ಕೊಲ್ಲಲಿಲ್ಲ, ನಿಜ. ಆದರೆ ಸೌಲನ ನಿಲುವಂಗಿಯ ತುದಿಯನ್ನು ಕತ್ತರಿಸಿಕೊಂಡ. ಆಮೇಲೆ ಗುಹೆಯಿಂದ ಹೊರಗೆ ಬಂದು, ಆ ತುಂಡನ್ನು ಎತ್ತಿ ತೋರಿಸಿ, ಎಲ್ಲರಿಗೂ ಕೇಳುವಂತೆ ಅರಸನನ್ನು ಪ್ರಶ್ನಿಸಿದ. ಸಾಕ್ಷ್ಯ ಕೈಯಲ್ಲಿ ಹಿಡಿದು, ಮುಖಾಮುಖಿಯಾಗಿ, ಗೌರವದಿಂದ. ನಾವು ಆ ಕಥೆಯ ಮೊದಲರ್ಧವನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೆವು.

ಮಂಡಳಿಯ ಮತ್ತೊಬ್ಬ ಸದಸ್ಯರು ವಕೀಲರು. ಅವರ ವಾದ ಬೇರೆ. ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ಸಂವಿಧಾನದ 30ನೇ ವಿಧಿ ನಮಗೆ ರಕ್ಷಣೆ ಕೊಟ್ಟಿದೆ, ನಮ್ಮ ಆಡಳಿತವನ್ನು ಯಾರೂ ಕೇಳುವಂತಿಲ್ಲ ಎಂದರು. ಆ ವಿಧಿಯ ಬಗ್ಗೆ ನನಗೂ ಅಭಿಮಾನವಿದೆ. ಆದರೆ 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ, ಆಡಳಿತ ನಡೆಸುವ ಹಕ್ಕಿನೊಳಗೆ ದುರಾಡಳಿತ ನಡೆಸುವ ಹಕ್ಕು ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅವರಿಗೆ ಅದನ್ನು ನೆನಪಿಸಿದೆ. ಅವರು ಸುಮ್ಮನಾದರು.

ಇಷ್ಟಾದರೂ ನನಗೆ ಕುಲಪತಿಗಳ ಕೋಣೆಗೆ ಹೋಗಲು ಕಾಲು ಬರಲಿಲ್ಲ. ಭಯ ಒಂದು ಕಾರಣ. ಇನ್ನೊಂದು ಕಾರಣವನ್ನು ಹೇಳಿಕೊಳ್ಳಲು ನನಗೆ ಹಲವು ವಾರಗಳು ಬೇಕಾದವು. ನಮ್ಮ ಪ್ರಾಸ್ಪೆಕ್ಟಸ್, ಪ್ರವೇಶದ ಅರ್ಜಿ, ವಾರ್ಷಿಕ ವರದಿ ಇವೆಲ್ಲವನ್ನೂ ಆರು ವರ್ಷಗಳಿಂದ ಅಚ್ಚು ಹಾಕುತ್ತಿದ್ದುದು ನನ್ನ ಹೆಂಡತಿಯ ಅಣ್ಣನ ಪ್ರೆಸ್ಸು. ಮೊದಲ ವರ್ಷ ಮೂರು ಕೊಟೇಶನ್ ತರಿಸಿದ್ದೆವು. ಆಮೇಲೆ ತರಿಸಲಿಲ್ಲ. ಕೆಲಸ ಅಚ್ಚುಕಟ್ಟಾಗಿತ್ತು, ದರವೂ ಹೆಚ್ಚಿರಲಿಲ್ಲ ಎಂದೇ ನಂಬಿದ್ದೆ. ಆದರೆ ಬೇರೆಯವರ ದರ ಕೇಳದೆ ‘ಹೆಚ್ಚಿಲ್ಲ’ ಎನ್ನಲು ನನ್ನಲ್ಲಿ ಆಧಾರ ಏನಿತ್ತು? ಆ ಪ್ರೆಸ್ಸಿನ ಮಾಲೀಕ ನನಗೆ ಬಾವ ಆಗಬೇಕು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಅಯ್ಯನವರ ಗೆರೆ ಅಳಿಸಿದ್ದನ್ನು ಕಂಡ ನನಗೆ ನನ್ನದು ಕಂಡಿರಲಿಲ್ಲ.

ಆದ್ದರಿಂದ ನಾನು ಶುರು ಮಾಡಿದ್ದು ಅಲ್ಲಿಂದ. ಅರ್ಧ ಪುಟದ ಒಂದು ಟಿಪ್ಪಣಿ ಬರೆದೆ. ಮೊದಲ ಭಾಗದಲ್ಲಿ ಪ್ರೆಸ್ಸಿನ ವಿಷಯ, ಸಂಬಂಧ, ಆರು ವರ್ಷಗಳ ಮೊತ್ತ. ಎರಡನೆಯ ಭಾಗದಲ್ಲಿ ರಸೀದಿ ಇಲ್ಲದೆ ನಾನು ಸಹಿ ಹಾಕಿದ ವೋಚರುಗಳ ಪಟ್ಟಿ. ‘ಕುಲಪತಿಗಳು ಹಣ ತೆಗೆದರು’ ಎಂದು ಬರೆಯಲಿಲ್ಲ. ‘ಆಧಾರವಿಲ್ಲದೆ ನಾನು ಮಂಜೂರು ಮಾಡಿದೆ’ ಎಂದು ಬರೆದೆ. ಅದೇ ನಿಜವೂ ಆಗಿತ್ತು.

ಆ ಟಿಪ್ಪಣಿ ಹಿಡಿದು ಅಯ್ಯನವರ ಕೋಣೆಗೆ ಹೋದೆ. ಅವರು ಎರಡು ಸಲ ಓದಿದರು.

"ನನ್ನ ಮೇಲೆ ನಿಮಗೆ ನಂಬಿಕೆ ಇಲ್ಲವೇ?" ಎಂದು ಕೇಳಿದರು.

"ಇದೆ, ಅಯ್ಯನವರೇ. ನಂಬಿಕೆ ಇತ್ತೆಂದೇ ಸಹಿ ಹಾಕುತ್ತ ಬಂದೆ. ಆದರೆ ಈ ಹಣದಲ್ಲಿ ಯಾವುದು ಯಾರಿಗೆ ಹೋಯಿತು ಎಂದು ಯಾರಾದರೂ ಕೇಳಿದರೆ ನನಗೂ ಹೇಳಲು ಬರುವುದಿಲ್ಲ, ನಿಮಗೂ ಬರುವುದಿಲ್ಲ."

ಅವರು ಕೋಪಗೊಂಡರು. ಆ ದಿನ ಟಿಪ್ಪಣಿಯನ್ನು ಹಿಂದಕ್ಕೆ ಕೊಟ್ಟುಬಿಟ್ಟರು. ಒಂಬತ್ತು ದಿನ ನಮ್ಮ ನಡುವೆ ಮಾತಿರಲಿಲ್ಲ. ಹತ್ತನೆಯ ದಿನ ಅವರೇ ಕರೆದು, ಪ್ರೆಸ್ಸಿನ ಭಾಗವನ್ನು ಬೆರಳಿನಿಂದ ತೋರಿಸಿ, "ಇದನ್ನು ನೀವು ಬರೆಯದಿದ್ದರೆ ಇನ್ನೊಂದನ್ನು ನಾನು ಓದುತ್ತಲೇ ಇರಲಿಲ್ಲ" ಎಂದರು. ಹಣಕಾಸು ಸಮಿತಿಯ ಮುಂದೆ ಅದನ್ನು ಇಡಲು ಒಪ್ಪಿದರು.

ಸಮಿತಿಯ ಆ ಸಭೆ ಮೂರೂವರೆ ಗಂಟೆ ನಡೆಯಿತು. ಮೊದಲು ಜಗಳ ಬಂದದ್ದು ಹಣದ ಬಗ್ಗೆ ಅಲ್ಲ, ನಡಾವಳಿಯಲ್ಲಿ ಏನು ಬರೆಯಬೇಕು ಎಂಬುದರ ಬಗ್ಗೆ. ನಮ್ಮ ನಡಾವಳಿ ಪುಸ್ತಕದಲ್ಲಿ ವರ್ಷಾನುಗಟ್ಟಲೆ ಒಂದೇ ವಾಕ್ಯ ಇರುತ್ತಿತ್ತು: ‘ಚರ್ಚಿಸಿ ಅಂಗೀಕರಿಸಲಾಯಿತು.’ ಯಾರು ಏನು ಕೇಳಿದರು, ಏನು ಉತ್ತರ ಬಂತು, ಯಾರು ಒಪ್ಪಲಿಲ್ಲ ಎಂಬುದು ಎಲ್ಲಿಯೂ ಇಲ್ಲ. ಐಕ್ಯಮತ್ಯ ನಮ್ಮ ಸಭೆಯ ಹೆಮ್ಮೆ, ಭಿನ್ನಮತವನ್ನು ಬರೆದಿಟ್ಟರೆ ಅದಕ್ಕೆ ಕುಂದು ಎಂದು ಕೆಲವರ ವಾದ. ಆ ದಿನದಿಂದ ಪ್ರಶ್ನೆ ಕೇಳಿದವರ ಹೆಸರು, ಪ್ರಶ್ನೆ, ಉತ್ತರ ಮೂರನ್ನೂ ಬರೆಯಬೇಕೆಂದು ಕೊನೆಗೆ ತೀರ್ಮಾನವಾಯಿತು. ಉಳಿದ ಯಾವ ಸುಧಾರಣೆಗಿಂತಲೂ ಇದೇ ಹೆಚ್ಚು ಕೆಲಸ ಮಾಡಿತು ಎಂದು ಈಗಲೂ ನನಗನ್ನಿಸುತ್ತದೆ. ತನ್ನ ಹೆಸರು ದಾಖಲಾಗುತ್ತದೆ ಎಂದು ಗೊತ್ತಾದ ಮೇಲೆ, ಹತ್ತು ವರ್ಷ ಬಾಯಿ ಬಿಡದಿದ್ದ ಒಬ್ಬ ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ ಪ್ರತಿ ಸಭೆಗೂ ಕಡತ ಓದಿಕೊಂಡು ಬರತೊಡಗಿದರು.

ಕುಲಪತಿಗಳ ವೆಚ್ಚವನ್ನು ಪರಿಶೀಲಿಸುವ ಕೆಲಸವನ್ನು ನನ್ನ ಕೈಯಿಂದ ತೆಗೆದೆವು. ಅವರ ಕೈಕೆಳಗೆ ಕೆಲಸ ಮಾಡುವವನು ಅವರನ್ನೇ ತಪಾಸಣೆ ಮಾಡುವುದು ನಡೆಯುವ ಮಾತಲ್ಲ. ಮೂರು ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಅಧ್ಯಕ್ಷರೇ ಅದನ್ನು ನೋಡಿ ಸಹಿ ಹಾಕಬೇಕೆಂದಾಯಿತು. ಹತ್ತೊಂಬತ್ತು ವರ್ಷಗಳಿಂದ ಒಬ್ಬರೇ ಲೆಕ್ಕಪರಿಶೋಧಕರಿದ್ದರು. 2013ರ ಕಂಪನಿ ಕಾಯ್ದೆಯಲ್ಲಿ ಷೇರು ಮಾರುಕಟ್ಟೆಯ ಕಂಪನಿಗಳು ತಮ್ಮ ಲೆಕ್ಕಪರಿಶೋಧಕರು ಒಬ್ಬ ವ್ಯಕ್ತಿಯಾದರೆ ಐದು ವರ್ಷಕ್ಕೊಮ್ಮೆ, ಲೆಕ್ಕಪರಿಶೋಧನಾ ಸಂಸ್ಥೆಯಾದರೆ ಹತ್ತು ವರ್ಷಕ್ಕೊಮ್ಮೆ, ಬದಲಿಸುವ ನಿಯಮವಿದೆ. ನಮ್ಮಂಥ ಟ್ರಸ್ಟಿಗೆ ಅದು ಅನ್ವಯಿಸದಿದ್ದರೂ ನಾವಾಗಿ ಐದು ವರ್ಷದ ಮಿತಿ ಹಾಕಿಕೊಂಡೆವು. ವರ್ಷಕ್ಕೊಮ್ಮೆ ಅಧಿಕಾರಿಗಳೆಲ್ಲ ಹೊರಗೆ ಹೋಗಿ, ಲೆಕ್ಕಪರಿಶೋಧಕರು ಮಂಡಳಿಯ ಜೊತೆ ಅರ್ಧ ಗಂಟೆ ಮಾತನಾಡುವ ಕ್ರಮವೂ ಬಂತು. ಹೊರಗಿನ ಬೆಂಚಿನ ಮೇಲೆ ಅಯ್ಯನವರೂ ನಾನೂ ಕುಳಿತಿರುತ್ತಿದ್ದೆವು. ಪ್ರತಿ ಸದಸ್ಯರೂ ಸಂಸ್ಥೆಯೊಡನೆ ತಮಗೆ, ತಮ್ಮ ಬಂಧುಗಳಿಗೆ ಇರುವ ವ್ಯವಹಾರವನ್ನು ವರ್ಷಕ್ಕೊಮ್ಮೆ ಬರೆದುಕೊಡಬೇಕು ಎಂಬ ನಿಯಮಕ್ಕೆ ಮೊದಲ ಸಹಿ ನನ್ನದೇ.

ವಿದೇಶಿ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾಯಿತು. ಆ ಹಣವೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇಕಡಾ 50ರ ಬದಲು 20ನ್ನು ಮೀರಬಾರದು ಎಂದಾಯಿತು. ಅನೇಕ ಸಂಸ್ಥೆಗಳು ಇದರಿಂದ ಒದ್ದಾಡಿದವು. ನಮ್ಮ ಬಾಬತ್ತುಗಳನ್ನು ಅಷ್ಟರಲ್ಲಿ ಬಿಡಿಸಿಟ್ಟಿದ್ದರಿಂದ ನಮಗೆ ಕಷ್ಟವಾಗಲಿಲ್ಲ.

ಅದೇ ವರ್ಷ ಜನವರಿಯ ಒಂದು ಬೆಳಿಗ್ಗೆ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಅಯ್ಯನವರು ಸಿಬ್ಬಂದಿಯನ್ನು ಕುಳಿತುಕೊಳ್ಳಲು ಹೇಳಿದರು. ಬೈಬಲ್ಲಿನಲ್ಲಿ ಮುದುಕನಾದ ಪ್ರವಾದಿ ಸಮುವೇಲನು ಜನರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ ಎಂದು ಕೇಳುವ ಭಾಗವನ್ನು ಓದಿದರು. ಆಮೇಲೆ ಕಿಸೆಯಿಂದ ಕಾಗದ ತೆಗೆದು, ಮೂರು ವರ್ಷಗಳಲ್ಲಿ ತಮ್ಮ ಸ್ವಂತಕ್ಕೆ ಹೋದದ್ದೆಂದು ತಾವೇ ಲೆಕ್ಕ ಹಾಕಿದ ಮೊತ್ತವನ್ನು ಓದಿ, ಅದನ್ನು ಮರಳಿ ಕಟ್ಟಿದ ಚೆಕ್ಕಿನ ಸಂಖ್ಯೆ ಹೇಳಿದರು. ‘ಸಮುವೇಲನಿಗೆ ಜನ, ನೀನು ಏನನ್ನೂ ತೆಗೆದುಕೊಂಡಿಲ್ಲ ಎಂದರು. ನನ್ನ ಬಗ್ಗೆ ನೀವು ಹಾಗೆ ಹೇಳಲಾಗದು’ ಎಂದರು. ಚಾಪೆಲ್‌ನಲ್ಲಿ ಯಾರೂ ಅಲುಗಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಜವಾನರು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಬಾವನ ಪ್ರೆಸ್ಸು ಟೆಂಡರಿನಲ್ಲಿ ಸೋತಿತು. ಅವರ ದರ ಎರಡನೆಯದಾಗಿತ್ತು. ಆ ಕ್ರಿಸ್‌ಮಸ್‌ಗೆ ಅವರ ಮನೆಯಿಂದ ನಮಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಬರಲಿಲ್ಲ, ಆಮೇಲೂ ಬಂದಿಲ್ಲ. ನನ್ನ ಹೆಂಡತಿ ಅದನ್ನು ನನಗೆ ಎತ್ತಿ ಆಡಲಿಲ್ಲ. ಅವಳ ಮೌನಕ್ಕೆ ನಾನು ಋಣಿ.

ಕನ್ನಡ ಬೈಬಲ್ಲಿನಲ್ಲಿ ಯಜಮಾನನ ಆಸ್ತಿ ನೋಡಿಕೊಳ್ಳುವವನನ್ನು ಮನೆವಾರ್ತೆಯವನು ಎನ್ನುತ್ತಾರೆ. ಅವನ ಮನೆವಾರ್ತೆಯ ಲೆಕ್ಕವನ್ನು ಯಜಮಾನ ಕೇಳುತ್ತಾನೆ. ‘ವಾರ್ತೆ’ ಎಂಬ ಆ ಶಬ್ದದಲ್ಲಿ ನನಗೆ ಹಣದ ಜೊತೆಗೆ ಸುದ್ದಿಯೂ ಕೇಳಿಸುತ್ತದೆ: ಮನೆಯಲ್ಲಿ ಏನು ನಡೆಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳುವುದು. ಆ ಎರಡನೆಯ ಲೆಕ್ಕದಲ್ಲಿ ನಾವು ಅರ್ಧಕ್ಕೇ ನಿಂತೆವು.

2020ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯದ ಅಧ್ಯಕ್ಷ ಜೆರ್ರಿ ಫಾಲ್ವೆಲ್ ಜೂನಿಯರ್ ವೈಯಕ್ತಿಕ ನಡತೆಯ ವಿವಾದದ ನಡುವೆ ರಾಜೀನಾಮೆ ಕೊಟ್ಟರು. 1971ರಲ್ಲಿ ತಂದೆ ಸ್ಥಾಪಿಸಿದ, 2007ರಲ್ಲಿ ತಂದೆ ತೀರಿಕೊಂಡಾಗ ಮಗನ ಕೈಗೆ ಬಂದ ಸಂಸ್ಥೆ ಅದು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಸುದ್ದಿ. ಆವರಣದಲ್ಲಿ ನಡೆದ ಅಪರಾಧಗಳನ್ನು ಸರಿಯಾಗಿ ವರದಿ ಮಾಡಲಿಲ್ಲ, ನೊಂದವರಿಗೆ ಆಸರೆಯಾಗಲಿಲ್ಲ ಎಂದು 2024ರ ಮಾರ್ಚ್‌ನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಆ ವಿಶ್ವವಿದ್ಯಾಲಯಕ್ಕೆ 1 ಕೋಟಿ 40 ಲಕ್ಷ ಡಾಲರ್ ದಂಡ ವಿಧಿಸಿತು. ಆ ಸುದ್ದಿ ಓದಿದಾಗ ನನ್ನ ಎದುರಿಗೆ ನಮ್ಮದೇ ವಾರ್ಷಿಕ ವರದಿ ಇತ್ತು. ಲೈಂಗಿಕ ಕಿರುಕುಳದ ದೂರುಗಳು ಎಂಬ ಅಂಕಣದಲ್ಲಿ ಪ್ರತಿ ವರ್ಷವೂ ಸೊನ್ನೆ.

ಆಂತರಿಕ ದೂರು ಸಮಿತಿಯ ಸದಸ್ಯೆಯೊಬ್ಬರನ್ನು ಕೇಳಿದೆ. ಮೂರು ದೂರುಗಳು ಬಂದಿದ್ದವು, ಆದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಲಿಲ್ಲ, ಹುಡುಗಿಯರನ್ನೂ ಅಧ್ಯಾಪಕರನ್ನೂ ಕೂರಿಸಿ ಪ್ರಾರ್ಥನೆ ಮಾಡಿ ಕಳುಹಿಸಿದೆವು ಎಂದರು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ರಾಜಿಯಾಗಬೇಕಿದ್ದರೆ ನೊಂದ ಹೆಣ್ಣುಮಗಳೇ ಅದನ್ನು ಕೇಳಬೇಕು. ಬರೆದುಕೊಡಲಾಗದಿದ್ದರೆ ಬರೆಯಲು ನೆರವು ಕೊಡುವುದು ಸಮಿತಿಯದೇ ಕರ್ತವ್ಯ. ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ಇಲ್ಲಿ ಇದಾವುದೂ ಆಗಿರಲಿಲ್ಲ. ಆ ಪ್ರಾರ್ಥನೆಯಲ್ಲಿ ಆ ಹುಡುಗಿಯರು ‘ಆಮೆನ್’ ಎಂದಿರಬಹುದು. ಎನ್ನದೆ ಏನು ಮಾಡುತ್ತಿದ್ದರು?

ಆ ವೇಳೆಗೆ ಅಯ್ಯನವರು ನಿವೃತ್ತರಾಗಿ ಹೊಸಬರು ಬಂದಿದ್ದರು. ವಿಷಯವನ್ನು ಮಂಡಳಿಯ ಮುಂದೆ ಇಟ್ಟೆ. ಮುಂದೆ ಬರುವ ದೂರುಗಳನ್ನೆಲ್ಲ ಬರೆದುಕೊಂಡು, ದಿನಾಂಕ ಹಾಕಿ, ಸಂಖ್ಯೆ ಕೊಡಬೇಕೆಂದು ಒಪ್ಪಿದರು. ಹಿಂದಿನ ಮೂರನ್ನು ಮತ್ತೆ ತೆರೆಯಲು ಒಪ್ಪಲಿಲ್ಲ. ಹುಡುಗಿಯರು ಓದು ಮುಗಿಸಿ ಹೋಗಿದ್ದಾರೆ, ಸಂಸ್ಥೆಯ ಹೆಸರು ಹಾಳಾಗುತ್ತದೆ ಎಂದರು. ಮುಖ್ಯೋಪಾಧ್ಯಾಯಿನಿಯವರು ಒಬ್ಬರೇ ವಿರೋಧಿಸಿದರು. ಅವರ ವಿರೋಧ ನಡಾವಳಿಯಲ್ಲಿ ಅವರ ಹೆಸರಿನೊಂದಿಗೆ ದಾಖಲಾಗಿದೆ.

2024ರ ಮೇ 31ರಂದು ನಾನು ಅಧಿಕಾರ ಒಪ್ಪಿಸಿದೆ. ಹಸ್ತಾಂತರದ ಪಟ್ಟಿಯಲ್ಲಿ ಬ್ಯಾಂಕ್ ಖಾತೆಗಳು, ಠೇವಣಿ ಪತ್ರಗಳು, ಬೀಗದ ಕೈಗಳು ಎಲ್ಲವನ್ನೂ ಬರೆದೆ. ಕೊನೆಯಲ್ಲಿ ‘ಬಾಕಿ’ ಎಂಬ ಶೀರ್ಷಿಕೆಯ ಕೆಳಗೆ, ಹೆಸರುಗಳಿಲ್ಲದೆ, ಆ ಮೂರು ದೂರುಗಳ ವರ್ಷಗಳನ್ನು ಬರೆದೆ. ಪಟ್ಟಿ ತೆಗೆದುಕೊಂಡವರು, ಐದು ವರ್ಷಗಳ ಹಿಂದೆ ನನ್ನ ಮೇಜಿನ ಮೇಲೆ ಎರಡು ವೋಚರುಗಳನ್ನು ಇಟ್ಟ ಅದೇ ಗುಮಾಸ್ತೆ, ಆ ಸಾಲನ್ನು ಓದಿ, ಇದು ಹಣದ ಲೆಕ್ಕವಲ್ಲವಲ್ಲ ಸರ್, ಎಂದು ಕೇಳಲಿಲ್ಲ. ಅದರ ಮುಂದೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಕೆಳಗೆ ಸಹಿ ಮಾಡಿದರು.