ಕಮ್ಯುನಿಕೇಶನ್ಸ್‌ಗೆ ಹೊಸಬರು ಬಂದಿದ್ದಾರಾ? ಮೊದಲು ಕಾಫಿಗೆ ಕರೆಯಿರಿ

ನಿಮ್ಮ ಆಫೀಸಿಗೂ ಸ್ಟ್ರಾಟೆಜಿಕ್ ಕಮ್ಯುನಿಕೇಶನ್ಸ್, ಅಂದರೆ ಸಂಸ್ಥೆಯ ಮಾತನ್ನು ಯೋಚಿಸಿ ಜನರಿಗೆ ಮುಟ್ಟಿಸುವ ಕೆಲಸಕ್ಕೆ ಅಂತ ಹೊಸಬರು ಬಂದಿದ್ದರೆ ಒಂದು ಮಾತು. ಮೊದಲ ದಿನವೇ "ಈ ಪೋಸ್ಟರ್ ಸ್ವಲ್ಪ ಚೆಂದ ಮಾಡಿಕೊಡಿ" ಅನ್ನಬೇಡಿ. ನಮ್ಮಲ್ಲಿಗೆ ಬಂದವರಿಗೆ ನಾನು ಅಂದಿದ್ದೆ. ಪಾಪ, ನಕ್ಕು ಮಾಡಿಕೊಟ್ಟರು. ಮುಖ ಮಾತ್ರ ಸಪ್ಪಗಾಗಿತ್ತು.

ಅವರ ಕೆಲಸ ಪೋಸ್ಟರಿಗಿಂತ ಎಷ್ಟೋ ಮುಂಚೆ ಶುರುವಾಗುತ್ತದೆ: ಯಾರಿಗೆ ಹೇಳಬೇಕು, ಏನು, ಯಾವಾಗ, ಯಾರ ಬಾಯಿಂದ. ಅದಕ್ಕೇ ಕಾಫಿಗೆ ಕರೆದು ಒಂದೇ ಪ್ರಶ್ನೆ ಕೇಳಿ: "ಇಲ್ಲಿಗೆ ಬರೋ ಮುಂಚೆ ನಮ್ಮ ಬಗ್ಗೆ ಏನಂದುಕೊಂಡಿದ್ರಿ?" ಹೊಸಬರ ಕಣ್ಣಿಗೆ ಕಾಣುವುದು ನಮಗೆ ಕಾಣೋದಿಲ್ಲ ಅಲ್ವಾ? ನಮ್ಮ ಹೊಸಬರು ಹೇಳಿದ್ದು ಇಷ್ಟು: ನಮ್ಮ ಕನ್ನಡ ಪ್ರಕಟಣೆಗಳು ಇಂಗ್ಲಿಷಿನಿಂದ ಎತ್ತಿಟ್ಟ ಹಾಗಿವೆ, ಓದುವವರು ಎರಡನೇ ಸಾಲಿಗೇ ಕೈಬಿಡುತ್ತಾರೆ. ಚುರುಕ್ ಅಂತು, ಆದರೆ ನಿಜ.

ಇನ್ನೊಂದು. ಪತ್ರಿಕಾ ಪ್ರಕಟಣೆಗೆ ಬೇಕಾದ ಅಂಕಿ ಅಂಶವನ್ನು ಸಂಜೆ ಹೊತ್ತು ಮುಳುಗಿದ ಮೇಲೆ ಕೊಟ್ಟರೆ ಮರುದಿನದ ಪೇಪರಿನಲ್ಲಿ ಜಾಗ ಸಿಗೋದು ಕಷ್ಟ. ಮಧ್ಯಾಹ್ನದೊಳಗೆ ಕೊಟ್ಟು ನೋಡಿ, ಸ್ನೇಹ ತಾನಾಗೇ ಬೆಳೆಯುತ್ತದೆ. ಒಂದು ದಿನ ಫೀಲ್ಡಿಗೂ ಕರೆದುಕೊಂಡು ಹೋಗಿ. ಮತ್ತೆ ಏನಾದರೂ ಎಡವಟ್ಟಾದರೆ ಮೊದಲು ಅವರಿಗೆ ತಿಳಿಸಿ, ವರದಿಗಾರರ ಫೋನ್ ಬರೋ ತನಕ ಕಾಯಬೇಡಿ.