ಅಡಿಕೆ ದರಕ್ಕೆ ನಾನು ಕಟ್ಟಿದ ವೆಬ್ ಸರ್ವಿಸ್

ಹೋದ ಮಳೆಗಾಲ ಪೂರ್ತಿ ನನ್ನ ಅಡಿಕೆ ದರದ ಸರ್ವಿಸ್ ಒಂದು ದಿನವೂ ತಪ್ಪು ದರ ಕೊಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ವೆಬ್ ಸರ್ವಿಸ್ ಎಂದರೆ ನೆಟ್ ಮೂಲಕ ಒಂದು ಪ್ರೋಗ್ರಾಮ್ ಕೇಳಿದ ಮಾಹಿತಿಯನ್ನು ಇನ್ನೊಂದು ಪ್ರೋಗ್ರಾಮ್ ಕೊಡುವ ಏರ್ಪಾಡು. "ಇದು ವೆಬ್ ಸರ್ವಿಸ್ ಅಲ್ಲ ಮಾರಾಯಾ, ಸುಮ್ನೆ ಒಂದು ಫೈಲು" ಎಂದು ಬೆಂಗಳೂರಿನ ಗೆಳೆಯ ಹೇಳಿ ಎರಡು ವರ್ಷ ಆಯ್ತು.

ಕೆಲಸ ಶಿರಸಿಯ ವ್ಯಾಪಾರಿಯೊಬ್ಬರದು. ಟೆಂಡರ್ ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕಾಳುಮೆಣಸಿನ ದರ ಮೂರು ಕಡೆ ಹೋಗಬೇಕು. ಅವರ ಲೆಕ್ಕದ ಸಾಫ್ಟ್‌ವೇರ್‌ಗೆ, ರೈತರಿಗೆ ಎಸ್ಸೆಮ್ಮೆಸ್ ಕಳಿಸುವ ಪ್ರೋಗ್ರಾಮ್‌ಗೆ, ಅಂಗಡಿ ಎದುರಿನ ಎಲ್‌ಇಡಿ ಬೋರ್ಡಿಗೆ.

ಮೊದಲು ಒಂದು ವೆಬ್ ಪುಟ ಮಾಡಿ, ಉಳಿದ ಪ್ರೋಗ್ರಾಮ್‌ಗಳು ಅದನ್ನೇ ಓದಿಕೊಳ್ಳಲಿ ಎಂದು ಬಿಟ್ಟೆ. ಪುಟ ಚೆಂದ ಕಾಣಲಿ ಎಂದು ಒಂದು ಕಾಲಮ್ ಸೇರಿಸಿದ್ದೇ ತಡ, ಮರುದಿನ ಚಾಲಿ ದರ ರಾಶಿ ಹೆಸರಲ್ಲಿ ಸುಮಾರು 300 ಜನರಿಗೆ ಹೋಯಿತು. ಸಿದ್ದಾಪುರ, ಯಲ್ಲಾಪುರದಿಂದೆಲ್ಲ ಫೋನು. ಕಣ್ಣಿಗೆ ಮಾಡಿದ ಪುಟವನ್ನು ಯಂತ್ರದ ಕೈಗೆ ಕೊಡಬಾರದು ಎಂದು ಆವತ್ತೇ ಗೊತ್ತಾಯಿತು.

ಆಮೇಲೆ ಗೆಳೆಯನ ಮಾತು ಕೇಳಿ ಸೋಪ್ (SOAP) ಹಿಡಿದೆ. ಯಂತ್ರಗಳ ನಡುವಿನ ಮಾತನ್ನು ಕಟ್ಟುನಿಟ್ಟಿನ ಲಕೋಟೆಯಲ್ಲಿ ಕಳಿಸುವ ಪದ್ಧತಿ ಅದು. ಡಬ್ಲ್ಯೂಎಸ್‌ಡಿಎಲ್ (ಸರ್ವಿಸ್ ಏನೇನು ಕೊಡುತ್ತದೆ ಎಂದು ಯಂತ್ರಕ್ಕೆ ತಿಳಿಸುವ ವಿವರಣೆಯ ಫೈಲು) ಇಲ್ಲದೆ ವೆಬ್ ಸರ್ವಿಸ್ ಇಲ್ಲ ಎಂದು ಅವನ ವಾದ. ವಿಂಡೋಸ್ ಸರ್ವರ್ ಬಾಡಿಗೆ ತಿಂಗಳಿಗೆ ಎರಡೂವರೆ ಸಾವಿರ, ಆರು ತಿಂಗಳು ಕಟ್ಟಿದೆ. ಒಂದು ದರ ಹೇಳಲು ಅಷ್ಟುದ್ದ, ಪ್ರತಿ ಮಾಹಿತಿಗೂ ಹಿಂದೆ ಮುಂದೆ ಹೆಸರಿನ ಪಟ್ಟಿ ಹಚ್ಚಿದ ಎಕ್ಸ್‌ಎಮ್‌ಎಲ್. ಬೋರ್ಡಿನ ಪುಟ್ಟ ಕಂಟ್ರೋಲರ್‌ಗೆ ಅದನ್ನು ಬಿಡಿಸಲು ಆಗಲೇ ಇಲ್ಲ. ಹದಿನೈದು ಸಾವಿರ ನೀರಿಗೆ ಹೋಯಿತು.

ಅವನು ತೋರಿಸುತ್ತಿದ್ದದ್ದು ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯೂತ್ರೀಸಿಯ 2004ರ ದಾಖಲೆ. ಕೂತು ಪೂರ್ತಿ ಓದಿದೆ. ನೆಟ್‌ವರ್ಕ್ ಮೇಲೆ ಯಂತ್ರ ಯಂತ್ರದ ಜೊತೆ ಮಾತಾಡುವುದು ಎಂದಿದೆ, ಡಬ್ಲ್ಯೂಎಸ್‌ಡಿಎಲ್ ಹೆಸರೂ ಇದೆ, ಸರಿ. ಆದರೆ ಅದೇ ದಾಖಲೆ ಮುಂದೆ ರೆಸ್ಟ್ (ಪ್ರತಿ ಮಾಹಿತಿಗೂ ಒಂದು ವೆಬ್ ವಿಳಾಸ ಇಟ್ಟು ನೇರವಾಗಿ ಕೇಳುವ) ರೀತಿಯವನ್ನೂ ವೆಬ್ ಸರ್ವಿಸ್ ಎಂದೇ ಎಣಿಸುತ್ತದೆ! ಅವನು ಅಲ್ಲಿಯವರೆಗೆ ಓದಿರಲಿಲ್ಲ.

ಹಾಗಾಗಿ ಮೂರನೇ ಸಲ ಬರೀ ಎಚ್‌ಟಿಟಿಪಿ, ಬರೀ ಜೇಸನ್. ಮೊದಲನೆಯದು ವೆಬ್ ಪುಟ ತರಿಸುವ ಮಾಮೂಲಿ ದಾರಿ, ಎರಡನೆಯದು ಹೆಸರು ಮತ್ತು ಬೆಲೆ ಜೋಡಿಸಿ ಬರೆಯುವ ಚಿಕ್ಕ ಪಠ್ಯ. ವ್ಯಾಪಾರಿ ನೋಡಿ ಕೇಳಿದರು, "ಅಲ್ಲ ತಮ್ಮಾ, ಇದಕ್ಕೆ ಪರದೇನೇ ಇಲ್ವಲ್ಲ?" ಪರದೆ ಬೇಡದ್ದೇ ಇದರ ಗುಣ ಎಂದು ಒಪ್ಪಿಸಲು ಎರಡು ಲೋಟ ಕಷಾಯ ಮುಗಿಯಿತು.

ಇದರಲ್ಲೂ ಪೆಟ್ಟು ಬಿತ್ತು. 47,899 ಎಂದು ಕೊಟ್ಟರೆ ಬೋರ್ಡು ಕಾಮಾದವರೆಗೆ ಓದಿ 47 ಎಂದು ತೋರಿಸಿತು. ಈಗ ಕಾಮಾ ಇಲ್ಲದ ಸಂಖ್ಯೆ ಮಾತ್ರ. ದರ ಬಾರದ ದಿನ 200 ("ಎಲ್ಲ ಸರಿ" ಎನ್ನುವ ಸಂಕೇತ) ಕೊಟ್ಟು ಒಳಗೆ ತಪ್ಪಿನ ಸುದ್ದಿ ಬರೆದಿದ್ದೆ. ಎಸ್ಸೆಮ್ಮೆಸ್ ಪ್ರೋಗ್ರಾಮ್ ಅದನ್ನು ಸೊನ್ನೆ ಎಂದು ಓದಿತು. ದರ ಇಲ್ಲದಿದ್ದರೆ ನೇರವಾಗಿ 404, ಅಂದರೆ "ಸಿಗಲಿಲ್ಲ" ಎನ್ನುವ ಸಂಕೇತ ಕೊಡಿ.

ದೊಡ್ಡ ಕಾಟ ಮಳೆಗಾಲದ್ದು. ಕರೆಂಟ್ ಹೋಗುತ್ತದೆ, ನೆಟ್ ಅರ್ಧದಲ್ಲಿ ಕಡಿಯುತ್ತದೆ, ಅಂಗಡಿಯ ಹುಡುಗ ದರ ಕಳಿಸುವ ಬಟನ್ ಮತ್ತೆ ಮತ್ತೆ ಒತ್ತುತ್ತಾನೆ. ಪ್ರತಿ ಸಲವೂ ಹೊಸ ದಾಖಲೆ ಸೇರಿಸುವ ಪೋಸ್ಟ್ ಎಂಬ ಆಜ್ಞೆ ಬಳಸಿದ್ದರಿಂದ ಒಂದೇ ದರ ನಾಲ್ಕು ಸಲ ಕೂತಿತು. ತಾರೀಕು ಮತ್ತು ಅಡಿಕೆಯ ಜಾತಿಯನ್ನು ವಿಳಾಸದಲ್ಲೇ ಇಟ್ಟು, ಆ ವಿಳಾಸದಲ್ಲಿ ಇದ್ದುದರ ಮೇಲೆಯೇ ಬರೆಯುವ ಪುಟ್ ಎಂಬ ಆಜ್ಞೆಗೆ ಬದಲಾಯಿಸಿದೆ. ಈಗ ಹತ್ತು ಸಲ ಒತ್ತಿದರೂ ದಾಖಲೆ ಒಂದೇ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಒಳ್ಳೆಯ ತೀರ್ಮಾನ ಇದೇ. ಹುಡುಗ ಒಂದು ಅಂಕಿ ತಪ್ಪಿ ಟೈಪ್ ಮಾಡಿದರೆ ಹಿಡಿಯುವ ಉಪಾಯವೂ ಒಂದಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.

ನಡುವೆ ಕಾರವಾರದ ಬೈತಖೋಲ ಬಂದರಿನ ಮೀನಿನ ದರಕ್ಕೂ ಇದನ್ನೇ ಹಚ್ಚಿ ನೋಡಿದೆ. ಬಂಗಡೆಯ ದರ ದೋಣಿ ದೋಣಿಗೆ ಬೇರೆ. ದಿನಕ್ಕೊಂದು ವಿಳಾಸ ಅಲ್ಲಿ ನಡೆಯಲಿಲ್ಲ. ಹೊತ್ತನ್ನೂ ವಿಳಾಸಕ್ಕೆ ಸೇರಿಸಿ ಮತ್ತೆ ನೋಡಬೇಕು.

ಈಗಿನ ಸರ್ವರ್‌ಗೆ ತಿಂಗಳಿಗೆ ನಾನೂರು ಚಿಲ್ಲರೆ. ಮೊನ್ನೆ ಲಾಗ್ (ಯಾರು ಯಾವಾಗ ಬಂದು ಕೇಳಿದರು ಎಂಬ ದಾಖಲೆ) ನೋಡಿದರೆ ಯಾವುದೋ ಗೊತ್ತಿಲ್ಲದ ಪ್ರೋಗ್ರಾಮ್ ದಿನಾ ಸಂಜೆ ಆರಕ್ಕೆ ಬಂದು ರಾಶಿ ದರ ಮಾತ್ರ ಒಯ್ಯುತ್ತಿತ್ತು. ವಿಚಾರಿಸಿದೆ. ಹುಲೇಕಲ್ ಕಡೆಯ ಒಬ್ಬ ಕಾಲೇಜು ಹುಡುಗಿ ಅಪ್ಪನ ತೋಟದ ಲೆಕ್ಕಕ್ಕೆ ಜೋಡಿಸಿಕೊಂಡಿದ್ದಾಳೆ. ನನ್ನ ಹತ್ತಿರ ಒಂದು ಮಾತೂ ಕೇಳುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.